ಮುಳ್ಳಕ್ಕನ ದೊಣೆ ಮತ್ತು ಹನ್ನೆರಡು ನೆಂಟರು

ಒಂದು ಕಾಡಿನಲ್ಲಿ ಒಂದು ಹಳ್ಳ ಹರಿಯುತ್ತಿತ್ತು. ಹರಿಯುತ್ತಿತ್ತು ಅಂದರೆ ವರ್ಷವಿಡೀ ಅಲ್ಲ. ಮಳೆಗಾಲದಲ್ಲಿ ಅದರ ಆರ್ಭಟ ಕೇಳಬೇಕಿತ್ತು, ಆನೆಗೂ ದಾರಿ ಬಿಡುತ್ತಿರಲಿಲ್ಲ. ಬೇಸಿಗೆ ಬಂತೋ, ಗಪ್‌ಚಿಪ್! ಅಲ್ಲೊಂದು ಇಲ್ಲೊಂದು ಗುಂಡಿಯಲ್ಲಿ ನಾಲ್ಕು ಬೊಗಸೆ ನೀರು ಉಳಿಯುತ್ತಿತ್ತು. ಆ ನಾಲ್ಕು ಬೊಗಸೆ ನೀರಿನಲ್ಲಿ ಹಳ್ಳದ ಮೀನುಗಳೆಲ್ಲ ಒದ್ದಾಡುತ್ತಿದ್ದವು.

ಅದಕ್ಕೇ ಆ ಕಾಡಿನಲ್ಲಿ ಒಂದು ಪದ್ಧತಿ ಇತ್ತು. ಹಳ್ಳದ ದಂಡೆಯಲ್ಲಿ ಯಾರ ಮನೆ ಮುಂದೆ ದೊಣೆ ಇದೆಯೋ, ಅವರು ಬೇಸಿಗೆಯಲ್ಲಿ ಮೀನುಗಳನ್ನು ಮನೆಗೆ ಕರೆದುಕೊಳ್ಳಬೇಕು. ದೊಣೆ ಅಂದರೆ ಗೊತ್ತಲ್ಲ ಮಕ್ಕಳೇ? ಬಂಡೆಯ ಮೇಲೆ ತಾನಾಗಿಯೇ ಆದ ಕುಳಿ. ಕಲ್ಲಿನ ಬಾನಿಯ ಹಾಗೆ ಅದರಲ್ಲಿ ನೀರು ನಿಲ್ಲುತ್ತದೆ. ಮಳೆ ಬಿದ್ದು, ಹಳ್ಳ ತುಂಬಿ, ನೀರು ದೊಣೆಯ ಅಂಚಿಗೆ ಬಂದ ದಿನ ಮೀನುಗಳನ್ನು ಎಣಿಸಿ ವಾಪಸ್ ಬಿಡಬೇಕು. ಇದಕ್ಕೆ ಅವರು 'ನೆಂಟರನ್ನು ಇಟ್ಟುಕೊಳ್ಳುವುದು' ಅನ್ನುತ್ತಿದ್ದರು.

ಆ ವರ್ಷ ಬಿಸಿಲು ಜೋರು. ಜಿಂಕೆಯ ದೊಣೆ ಒಣಗಿಹೋಯಿತು. ಕಾಡುಹಂದಿ ತನ್ನ ದೊಣೆಯಲ್ಲಿ ತಾನೇ ಹೊರಳಾಡಿ ಕೆಸರುಗುಂಡಿ ಮಾಡಿಕೊಂಡಿತು. ಕೊನೆಗೆ ಉಳಿದದ್ದು ಒಂದೇ ದೊಣೆ. ಅದು ಮುಳ್ಳುಹಂದಿ ಮುಳ್ಳಕ್ಕನದು.

ಮುಳ್ಳಕ್ಕನ ಮಡಿ ಇಡೀ ಕಾಡಿಗೇ ಗೊತ್ತಿತ್ತು. ಅವಳ ಬಿಲದ ಮುಂದೆ ಒಂದು ತರಗೆಲೆ ಬೀಳುವ ಹಾಗಿರಲಿಲ್ಲ. ಬಿದ್ದ ಕೂಡಲೇ ಬಾಲದ ಮುಳ್ಳಿನಿಂದ ಸರಸರ ಗುಡಿಸಿ ಆಚೆ ಹಾಕುತ್ತಿದ್ದಳು. ಯಾರಾದರೂ ಮಾತಾಡಿಸಲು ಬಂದರೆ ಮೊದಲು ಅವರ ಕಾಲು ನೋಡುತ್ತಿದ್ದಳು, ಮುಖ ನೋಡುವುದು ಆಮೇಲೆ. ಆದರೆ ಮನಸ್ಸು ಮಾತ್ರ ಬೆಣ್ಣೆ.

ಅವಳ ದೊಣೆಗೆ ಹನ್ನೆರಡು ಮೀನುಗಳು ಬಂದವು. ಒಂದೊಂದೂ ಹುಣಸೆಕಾಯಿ ಉದ್ದ. ಹಳ್ಳದಲ್ಲಿ ಉಳಿದಿದ್ದೇ ಅಷ್ಟು. ಅವು ಸತ್ತರೆ ಮುಂದಿನ ವರ್ಷ ಹಳ್ಳದಲ್ಲಿ ನೀರು ಹರಿಯುತ್ತದೆ, ಮೀನು ಇರುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಮೀನಿನ ಹೆಸರು ಮಿಣುಕಿ.

"ಅಕ್ಕ, ಮಳೆ ಬರೋವರೆಗೂ ನಮ್ಮನ್ನ ಕಾಪಾಡ್ತೀಯಾ?" ಎಂದು ಮಿಣುಕಿ ಕೇಳಿದಳು.

"ಹನ್ನೆರಡು ಜನ ಬಂದಿದ್ದೀರಿ, ಹನ್ನೆರಡು ಜನಾನೂ ವಾಪಸ್ ಹೋಗ್ತೀರಿ. ಇದು ನನ್ನ ಮಾತು" ಎಂದಳು ಮುಳ್ಳಕ್ಕ.

ನೆಂಟರನ್ನು ನೋಡಿಕೊಳ್ಳಲು ಮುಳ್ಳಕ್ಕನ ತಾಯಿ ಒಂದು ಕ್ರಮ ಹೇಳಿಕೊಟ್ಟಿದ್ದಳು. ಮೈಯಿಂದ ಉದುರಿದ ಒಂದು ಮುಳ್ಳನ್ನು ದೊಣೆಯ ಬಿರುಕಿನಲ್ಲಿ ನೆಟ್ಟಗೆ ನಿಲ್ಲಿಸಬೇಕು. ಮುಳ್ಳುಹಂದಿಯ ಮುಳ್ಳಿನ ಮೇಲೆ ಕಪ್ಪು ಬಿಳುಪು ಪಟ್ಟೆಗಳಿರುತ್ತವಲ್ಲ, ಅದೇ ಅಳತೆ. ದಿನಕ್ಕೆ ಒಂದು ಪಟ್ಟೆಯಷ್ಟು ಹಳೇ ನೀರು ಮೊಗೆದು ಚೆಲ್ಲಬೇಕು. ಮರಳು ತೋಡಿದ ಒರತೆಯಿಂದ ಬೇಲದ ಚಿಪ್ಪಿನಲ್ಲಿ ಹೊಸ ನೀರು ತರಬೇಕು. ಅದನ್ನು ಬಂಡೆಯ ಮೇಲೆ ಸ್ವಲ್ಪ ಹೊತ್ತು ಇಟ್ಟು, ತಣುಪು ಕಳೆದ ಮೇಲೆ ಒಂದೇ ಪಟ್ಟೆಯಷ್ಟು ನಿಧಾನಕ್ಕೆ ಹುಯ್ಯಬೇಕು. ಮೀನಿಗೆ ಊಟ ದಿನಕ್ಕೊಂದು ಸಲ, ಹಾಕಿದ್ದು ಹಾಕಿದ ಹಾಗೆ ಮುಗಿಯುವಷ್ಟು. ಕಲ್ಲಿನ ಪಾಚಿಗೆ ಕೈ ಹಚ್ಚಬಾರದು.

ಯಾಕೆ ಅಂತ ತಾಯಿ ಹೇಳಿರಲಿಲ್ಲ. ಮುಳ್ಳಕ್ಕ ಕೇಳಿರಲೂ ಇಲ್ಲ. ಅವ್ವ ಮಾಡುತ್ತಿದ್ದಳು, ನಾನೂ ಮಾಡುತ್ತೇನೆ, ಅಷ್ಟೆ. ಆ ಹಸಿರು ಪಾಚಿ ಕಂಡಾಗಲೆಲ್ಲ ಅವಳ ಬಾಲ ನವೆಯುತ್ತಿತ್ತು, ಆದರೂ ತಡೆದುಕೊಳ್ಳುತ್ತಿದ್ದಳು.

ಆ ದೊಣೆಯಲ್ಲಿ ಮೊದಲಿಂದಲೂ ಇದ್ದವನು ಬಸಣ್ಣ. ಅವನೊಂದು ಬಸವನಹುಳು. ಬೆಳಗ್ಗೆ ಒಂದು ಕಲ್ಲಿನಿಂದ ಹೊರಟರೆ ಸಂಜೆಗೆ ಪಕ್ಕದ ಕಲ್ಲು ಮುಟ್ಟುತ್ತಿದ್ದ. ಅವನ ಮಾತೂ ಹಾಗೆಯೇ. ಒಂದು ಮಾತು ಶುರು ಮಾಡಿದನೆಂದರೆ ಕೇಳುವವರು ಹೋಗಿ ಊಟ ಮಾಡಿ ಬರಬಹುದಿತ್ತು. ಅವನ ಚಿಪ್ಪಿನ ಮೇಲೂ ದಪ್ಪಗೆ ಹಸಿರು ಪಾಚಿ ಬೆಳೆದಿತ್ತು.

ಇನ್ನು ನೀಲಪ್ಪನ ವಿಷಯ ಹೇಳಬೇಕು. ನೀಲಪ್ಪ ಒಂದು ಮಿಂಚುಳ್ಳಿ ಹಕ್ಕಿ. ಮೀನು ಕಂಡರೆ ಮೇಲಿಂದ ಬಾಣದ ಹಾಗೆ ಧುಮುಕಿ ಕೊಕ್ಕಿನಲ್ಲಿ ಎತ್ತಿಕೊಂಡು ಹೋಗುವ ಜಾತಿ. ಹಳ್ಳ ಒಣಗಿದ ಮೇಲೆ ಅವನಿಗೆ ಮಿಡತೆಯೇ ಗತಿಯಾಗಿತ್ತು. ಅವನು ದೊಣೆಯ ಮೇಲೆ ಚಾಚಿದ ಮತ್ತಿ ಮರದ ಕೊಂಬೆಯಲ್ಲಿ ಬಂದು ಕೂತ. ಬಗ್ಗಿ ನೋಡಿದ. ಹಸಿರು ನೀರು, ತೇಲುವ ಜೊಂಡು, ಕೆಳಗೆ ಕೆಸರು. ಒಳಗೆ ಏನೋ ಸುಳಿದಾಡುತ್ತಿದೆ. ಆದರೆ ಎಲ್ಲಿ, ಎಷ್ಟು, ಒಂದೂ ಕಾಣದು.

ಕಾಣದೆ ಧುಮುಕಲು ನೀಲಪ್ಪನೇನು ದಡ್ಡನೇ? ಕೂತು ಯೋಚನೆ ಮಾಡಿದ. ಮಾರನೇ ದಿನ ಕೆಳಗಿಳಿದು ಬಂದ. ಮೊದಲು ಕಾಲು ಎರಡೂ ಹುಲ್ಲಿಗೆ ಒರೆಸಿಕೊಂಡ. ಮುಳ್ಳಕ್ಕನಿಗೆ ಅಷ್ಟಕ್ಕೇ ಖುಷಿಯಾಯಿತು.

"ನಿನ್ನಂಥ ಮನೆ ಈ ಕಾಡಲ್ಲಿ ಇನ್ನೊಂದಿಲ್ಲ ಬಿಡು ಅಕ್ಕ" ಎಂದ ನೀಲಪ್ಪ. "ಆದ್ರೆ ಒಂದು ಮಾತು, ಬೇಜಾರು ಮಾಡ್ಕೋಬೇಡ. ನೆಂಟರಿಗೆ ದಿನಕ್ಕೆ ಎಷ್ಟು ಹೊತ್ತು ಊಟ?"

"ಒಂದು ಹೊತ್ತು."

"ಅಯ್ಯೋ ಪಾಪ! ಒಂದೇ ಹೊತ್ತಾ? ಎಳೇ ಜೀವಗಳು ಕಣಕ್ಕ. ನೆಂಟರಿಗೆ ಹೊಟ್ಟೆ ತುಂಬ ಇಕ್ಕದ ಮನೆ ಅಂತ ನಾಳೆ ನಾಲ್ಕು ಜನ ಆಡ್ಕೊಂಡ್ರೆ ನಿನಗೆ ಚೆನ್ನಾಗಿರುತ್ತಾ?"

ಮುಳ್ಳಕ್ಕ ಆಗಲೇ ಗೆದ್ದಲು ತರಲು ಹೊರಟಳು. ಅಂದಿನಿಂದ ಬೆಳಗ್ಗೆ ಗೆದ್ದಲು, ಮಧ್ಯಾಹ್ನ ಕಾಡುಗೆಣಸಿನ ಚೂರು, ಸಂಜೆಗೆ ಮತ್ತೆ ಗೆದ್ದಲು. ಮೀನುಗಳು ಮೊದಲು ಸಂತೋಷದಿಂದ ತಿಂದವು. ಆಮೇಲೆ ಅರ್ಧ ತಿಂದವು. ಉಳಿದದ್ದೆಲ್ಲ ತಳಕ್ಕಿಳಿದು ಕೊಳೆಯತೊಡಗಿತು. ನೀಲಪ್ಪ ಮೇಲಿಂದ, "ಇನ್ನೊಂದು ಹಿಡಿ ಹಾಕಕ್ಕ, ಬೆಳೆಯೋ ಮಕ್ಕಳು" ಎನ್ನುತ್ತಿದ್ದ. ಕೊಬ್ಬಿದ ಮೀನಿನ ರುಚಿಯೇ ಬೇರೆ ಎಂದು ಅವನು ಹೇಳಲಿಲ್ಲ.

ಬಸಣ್ಣ ಕಲ್ಲಿನ ಮೇಲೆ ತಲೆ ಎತ್ತಿದ. "ತಂಗೀ… ಊಟ… ಜಾಸ್ತಿ…" ಎಂದು ಶುರು ಮಾಡಿದ. ಅಷ್ಟರಲ್ಲಿ ಮುಳ್ಳಕ್ಕ ಇನ್ನೊಂದು ಹಿಡಿ ಗೆದ್ದಲು ತರಲು ಹೋಗಿಯಾಗಿತ್ತು.

ಐದಾರು ದಿನದಲ್ಲಿ ನೀರು ಕೆಟ್ಟಿತು. ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಯಿತು. ಅಂಚಿನಲ್ಲಿ ನೊರೆ ಕಟ್ಟಿತು. ಗಾಳಿ ಬೀಸಿದರೆ ಗಬ್ಬು ನಾತ. ಮಡಿ ಮುಳ್ಳಕ್ಕನ ಮನೆ ಮುಂದೆ ನಾತ! ಜಿಂಕೆ ದೂರದಲ್ಲೇ ನಿಂತು ಮೂಗು ತಿರುವಿ ಹೋಯಿತು. ಮುಳ್ಳಕ್ಕನಿಗೆ ನಾಚಿಕೆಯಿಂದ ಜೀವ ಹಿಡಿಯಾಯಿತು.

ಆಗ ನೀಲಪ್ಪ ಮತ್ತೆ ಇಳಿದು ಬಂದ.

"ಇದೇನಕ್ಕ ಇದು? ಅಂಗಳ ನೋಡಿದ್ರೆ ಊಟ ಬಡಿಸಬಹುದು, ಅಂಗಳದ ನಡುವೆ ಇಂಥ ಕೊಚ್ಚೆ! ಎಲ್ಲಾ ಆ ಪಾಚಿಯಿಂದ. ಪೂರ್ತಿ ನೀರು ಚೆಲ್ಲಿಬಿಡು. ಕೆಸರು ಬಳಿದು ಹಾಕು. ಕಲ್ಲು ಉಜ್ಜು. ಒರತೆಯ ತಿಳಿನೀರು ತುಂಬು. ಕನ್ನಡಿ ಹಾಗಾಗುತ್ತೆ."

"ಅವ್ವ ದಿನಕ್ಕೊಂದೇ ಪಟ್ಟೆ ಅಂದಿದ್ಲು. ಪಾಚಿ ಮುಟ್ಟಬೇಡ ಅಂದಿದ್ಲು."

"ಯಾಕಂತೆ?"

"ಅದನ್ನ ಅವ್ವ ಹೇಳಲಿಲ್ಲ" ಎಂದಳು ಮುಳ್ಳಕ್ಕ.

"ನೋಡಿದ್ಯಾ! ಯಾಕೆ ಅಂತ ಗೊತ್ತಿಲ್ಲ, ಸುಮ್ನೆ ಹಿಡ್ಕೊಂಡು ಕೂತಿದ್ದೀಯ. ಹಳೇ ಕಾಲದವರಿಗೆ ಉಜ್ಜೋಕೆ ಸೋಮಾರಿತನ ಕಣಕ್ಕ. ಅದಕ್ಕೊಂದು ಕ್ರಮ ಅಂತ ಹೆಸರಿಟ್ರು. ನಿನ್ನಂಥ ಬಾಲ ಇದ್ದಿದ್ರೆ ಅವರೂ ಉಜ್ಜುತಿದ್ರು."

ಬಾಲದ ವಿಷಯ ಎತ್ತಿದ ಮೇಲೆ ಮುಗಿಯಿತು. ಮುಳ್ಳಕ್ಕ ಬೇಲದ ಚಿಪ್ಪುಗಳನ್ನು ಸಾಲಾಗಿ ಇಟ್ಟಳು. ಮೀನುಗಳನ್ನು ಅದಕ್ಕೆ ಸಾಗಿಸಿದಳು. "ಅಕ್ಕ, ಹೆದರಿಕೆ ಆಗುತ್ತೆ" ಎಂದಳು ಮಿಣುಕಿ. "ಒಂದು ಗಳಿಗೆ ಕಣಮ್ಮ, ನಿಮ್ಮ ಮನೆ ಅರಮನೆ ಆಗುತ್ತೆ" ಎಂದಳು ಮುಳ್ಳಕ್ಕ. ದೊಣೆಗೆ ಬೆನ್ನು ಹಾಕಿ ನಿಂತು ಬಾಲದಿಂದ ಉಜ್ಜಿದಳು ನೋಡಿ, ಪರಪರ ಪರಪರ! ವರ್ಷಗಳ ಪಾಚಿ ಎದ್ದು ಬಂತು. ಕೆಸರು ಹೊರಗೆ ಹೋಯಿತು. ಜೊಂಡು ಹೋಯಿತು. ತಳದ ಸಣ್ಣ ಕಲ್ಲುಗಳೂ ಹೋದವು. ಎಲ್ಲ ಸೇರಿ ಹತ್ತು ಹೆಜ್ಜೆ ಆಚೆ ಒಂದು ಗುಡ್ಡೆಯಾಯಿತು.

ಕೊನೆಗೆ ಬಸಣ್ಣ ಉಳಿದ.

"ನಿನ್ನ ಬೆನ್ನೂ ಉಜ್ಜಬೇಕಲ್ಲಪ್ಪ" ಎಂದಳು ಮುಳ್ಳಕ್ಕ.

"ಉಜ್ಜೋದೇನು, ಎಸಿ ಅತ್ಲಾಗೆ. ಪಾಚಿ ತಿನ್ನೋ ಜೀವ, ಇವನಿದ್ರೆ ಮನೆ ಮಡಿ ಹೇಗಾಗುತ್ತೆ?" ಎಂದ ನೀಲಪ್ಪ.

"ಬೇಡಾ… ತಂಗೀ… ನಾನು…" ಎಂದ ಬಸಣ್ಣ. ಮಾತು ಮುಗಿಯುವುದರೊಳಗೆ ಅವನು ಗುಡ್ಡೆಯ ಮೇಲೆ ಬಿದ್ದಿದ್ದ.

ಒರತೆಯಿಂದ ನೀರು ತಂದು ತಂದು ಮುಳ್ಳಕ್ಕ ದೊಣೆ ತುಂಬಿದಳು. ತಂದ ಹಾಗೆಯೇ ಸುರಿದಳು, ತಣುಪು ಕಳೆಯಲು ಬಿಡಲಿಲ್ಲ. ಮೀನುಗಳನ್ನು ಬಿಟ್ಟಾಗ ಅವು ಒಂದು ಸಲ ನಡುಗಿ ಮೂಲೆಗೆ ಸರಿದವು. ಅದನ್ನು ಯಾರೂ ಗಮನಿಸಲಿಲ್ಲ. ಎಲ್ಲರ ಕಣ್ಣು ನೀರಿನ ಮೇಲೆ. ಏನು ತಿಳಿ, ಏನು ತಿಳಿ! ತಳದ ಬಂಡೆಯ ಗೆರೆ ಗೆರೆಯೂ ಕಾಣುತ್ತಿತ್ತು. ಜಿಂಕೆ ಬಂದು ಮುಖ ನೋಡಿಕೊಂಡಿತು. ಕಾಡುಹಂದಿ ಕೂಡ ಭಲೇ ಅಂದಿತು. ಮುಳ್ಳಕ್ಕನ ಮೈಮೇಲಿನ ಮುಳ್ಳೆಲ್ಲ ಹೆಮ್ಮೆಯಿಂದ ನೆಟ್ಟಗೆ ನಿಂತವು.

ಮಾರನೇ ದಿನ ಬೆಳಗ್ಗೆ ಅವಳು ಒರತೆಯ ಕಡೆ ಹೋದಳು. ನೀಲಪ್ಪ ಅದನ್ನೇ ಕಾಯುತ್ತಿದ್ದ. ಕೊಂಬೆಯ ತುದಿಗೆ ಜರುಗಿದ. ಒಂದು, ಎರಡು, ಮೂರು… ಹನ್ನೆರಡೂ ಕಂಡವು. ತಟ್ಟೆಯಲ್ಲಿ ಬಡಿಸಿಟ್ಟ ಹಾಗಿದ್ದವು. ಅವನ ಬಾಯಲ್ಲಿ ನೀರೂರಿತು. ಎಲ್ಲಕ್ಕಿಂತ ದಪ್ಪಗಿದ್ದ ಮಿಣುಕಿಗೆ ಗುರಿ ಇಟ್ಟ. ರೆಕ್ಕೆ ಮಡಿಚಿದ. ಧುಮುಕಿದ.

ಮಿಣುಕಿ ಪಕ್ಕಕ್ಕೆ ಹಾರಿದಳು.

ನೀಲಪ್ಪ ಹುಟ್ಟಿದಂದಿನಿಂದ ಹಳ್ಳದಲ್ಲಿ ಧುಮುಕಿದವನು. ಗುರಿ ತಪ್ಪಿದರೂ ಅಲ್ಲಿ ಏನೂ ಆಗುತ್ತಿರಲಿಲ್ಲ. ಕೆಳಗೆ ಮೊಣಕಾಲುದ್ದ ಮೆತ್ತನೆ ಕೆಸರು, ಜೊಂಡಿನ ಹಾಸಿಗೆ. ಈ ದೊಣೆಯಲ್ಲೂ ಅಂಥ ಹಾಸಿಗೆ ಇತ್ತು. ಅದನ್ನು ನಿನ್ನೆ ತಾನೇ ಮುಂದೆ ನಿಂತು ತೆಗೆಸಿ ಹಾಕಿದ್ದ. ಈಗ ಕೆಳಗೆ ಇದ್ದದ್ದು ಬರೀ ಬಂಡೆ.

ಟಣ್!

ಮುಳ್ಳಕ್ಕ ಬಂದು ನೋಡುವಾಗ ನೀಲಪ್ಪ ದೊಣೆಯ ಅಂಚಿನಲ್ಲಿ ಒದ್ದೆ ಮುದ್ದೆಯಾಗಿ ಬಿದ್ದಿದ್ದ. ಕೊಕ್ಕಿನ ತುದಿ ಮುರಿದು ತಳದಲ್ಲಿ ಬಿದ್ದಿತ್ತು. ತಿಳಿನೀರಲ್ಲಿ ಅದೂ ಚೆನ್ನಾಗಿ ಕಾಣುತ್ತಿತ್ತು.

"ನಮ್ಮನ್ನ ತಿನ್ನೋಕೆ ಬಿದ್ದ ಅಕ್ಕ" ಎಂದಳು ಮಿಣುಕಿ.

ಮುಳ್ಳಕ್ಕನಿಗೆ ಊಟದ ಮಾತು, ನಾತದ ಮಾತು, ಬಾಲದ ಹೊಗಳಿಕೆ ಎಲ್ಲ ಒಂದೇ ಸಲ ಅರ್ಥವಾಯಿತು. ಸಿಟ್ಟಿನಿಂದ ಮುಳ್ಳುಗಳು ಗಲಗಲ ಅಂದವು. ಒಂದು ಸಲ ಹಿಂದಕ್ಕೆ ನುಗ್ಗಿದ್ದರೆ ನೀಲಪ್ಪ ಜರಡಿಯಾಗುತ್ತಿದ್ದ.

"ತಪ್ಪಾಯ್ತಕ್ಕ… ಹೊತ್ತೆಗೆ… ಹೊಟ್ಟೆಗೆ ಇರ್ಲಿಲ್ಲ" ಎಂದು ಅವನು ಮುರಿದ ಕೊಕ್ಕಿನಲ್ಲಿ ತೊದಲಿದ.

"ಮಾಡಿದ್ದುಣ್ಣೋ ಮಹರಾಯ! ನನ್ನ ಕಣ್ಣೆದುರು ನಿಲ್ಲಬೇಡ, ನಡಿ" ಎಂದಳು ಮುಳ್ಳಕ್ಕ. ನೀಲಪ್ಪ ಕುಪ್ಪಳಿಸುತ್ತಾ ಹೋಗಿ ಪೊದೆ ಸೇರಿಕೊಂಡ.

ಕಥೆ ಇಲ್ಲಿಗೆ ಮುಗಿಯಿತು ಅಂದುಕೊಂಡಿರಾ? ಮೋಸ ಮಾಡಿದವನಿಗೆ ತಕ್ಕ ಶಾಸ್ತಿ ಆಯಿತು, ನಿಜ. ಆದರೆ ಅವನು ಕೆಡಿಸಿದ್ದು ಅವನ ಹಿಂದೆಯೇ ಹೊರಟುಹೋಗುತ್ತದೆಯೇ? ಅದು ದೊಣೆಯಲ್ಲೇ ಉಳಿದಿತ್ತು. ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ, ಅಷ್ಟೆ.

ಮೂರನೇ ದಿನ ಮೀನುಗಳು ಮೇಲಕ್ಕೆ ಬಂದವು. ಬಾಯಿ ತೆರೆದು ತೆರೆದು ಗಾಳಿ ಗುಟುಕರಿಸಿದವು. ಕಿವಿರುಗಳು ಕೆಂಪಗಾಗಿದ್ದವು, ಉರಿಗಣ್ಣಿನ ಹಾಗೆ. ಮುಳ್ಳಕ್ಕ ನೀರು ಮೂಸಿದಳು, ನಾತ ಇಲ್ಲ. ನೋಡಿದಳು, ಒಂದು ಧೂಳಿನ ಕಣ ಇಲ್ಲ.

"ಏನಾಯ್ತಮ್ಮ ಮಿಣುಕಿ? ನೀರು ಎಷ್ಟು ಚೆನ್ನಾಗಿದೆ!"

"ಗೊತ್ತಿಲ್ಲ ಅಕ್ಕ. ಮೈಯೆಲ್ಲ ಉರಿಯುತ್ತೆ. ಉಸಿರು ಸಾಲ್ತಿಲ್ಲ."

ಅವತ್ತು ಸಂಜೆ ಎಲ್ಲಕ್ಕಿಂತ ಚಿಕ್ಕ ಮೀನು ಅಂಗಾತ ತೇಲಿತು. ಮಾರನೇ ದಿನ ಬೆಳಗ್ಗೆ ಇನ್ನೆರಡು. ಮುಳ್ಳಕ್ಕ ಅವನ್ನು ಎತ್ತಿ ಮತ್ತಿ ಮರದ ಬುಡದಲ್ಲಿ ಮಣ್ಣು ಮಾಡಿದಳು. ಮೂರರ ಮೇಲೂ ಒಂದೊಂದು ಮುಳ್ಳು ನೆಟ್ಟಳು. ಅವಳಿಗೆ ಅಳು ತಡೆಯಲಾಗಲಿಲ್ಲ. ಹನ್ನೆರಡು ಅಂತ ಮಾತು ಕೊಟ್ಟಿದ್ದಳಲ್ಲ, ಆ ಮಾತು ಎದೆಯಲ್ಲಿ ಕಲ್ಲಿನ ಹಾಗೆ ಕೂತಿತ್ತು.

"ಮತ್ತೆ ತೊಳೀತೀನಿ" ಎಂದು ಎದ್ದಳು. "ಪೂರ್ತಿ ಚೆಲ್ಲಿ ಇನ್ನೊಂದು ಸಲ ಉಜ್ಜುತೀನಿ. ಎಲ್ಲೋ ಕೊಳೆ ಉಳಿದಿದೆ."

ಅವಳು ಚಿಪ್ಪು ಕೈಗೆತ್ತಿಕೊಂಡಳು. ಅಷ್ಟರಲ್ಲಿ ಕಾಲ ಬಳಿ ಒಂದು ದನಿ ಕೇಳಿಸಿತು.

"ನಿಲ್ಲು… ತಂಗಿ."

ಬಸಣ್ಣ! ಎಸೆದ ಗುಡ್ಡೆಯಿಂದ ದೊಣೆಯ ಅಂಚಿಗೆ ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆಗೆ ಅವನಿಗೆ ನಾಲ್ಕು ದಿನ ಹಿಡಿದಿತ್ತು. ಬಿಸಿಲೇರಿದಾಗ ಚಿಪ್ಪಿನೊಳಗೆ ಬಾಗಿಲು ಹಾಕಿಕೊಂಡು, ತಂಪು ಹೊತ್ತಿನಲ್ಲಿ ನಡೆದು ನಡೆದು ಬಂದಿದ್ದ. ಬೆನ್ನ ಮೇಲಿನ ಪಾಚಿ ಅಲ್ಲಲ್ಲಿ ಒಣಗಿತ್ತು, ನಡುವೆ ಇನ್ನೂ ಹಸಿ ಇತ್ತು.

ಮುಳ್ಳಕ್ಕ ಚಿಪ್ಪು ಕೆಳಗಿಟ್ಟಳು. ಅವನ ಮುಂದೆ ಕೂತಳು. "ಹೇಳು ಬಸಣ್ಣ. ಈ ಸಲ ನೀನು ಮುಗಿಸೋವರೆಗೂ ನಾನು ಏಳಲ್ಲ."

ಬಸಣ್ಣ ಎಷ್ಟು ಹೊತ್ತು ತೆಗೆದುಕೊಂಡ ಅಂತ ಕೇಳಬೇಡಿ. ಅವನ ಮಾತನ್ನು ನಾನು ಬೇಗ ಬೇಗ ಹೇಳಿಬಿಡುತ್ತೇನೆ.

"ಮೀನು ಉಣ್ಣೋದೂ ಇದೇ ನೀರಲ್ಲಿ, ಬಹಿರ್ದೆಸೆಗೆ ಹೋಗೋದೂ ಇದೇ ನೀರಲ್ಲಿ. ಹಳ್ಳದಲ್ಲಾದ್ರೆ ಹರಿದು ಹೋಗುತ್ತೆ. ನಿಂತ ನೀರಲ್ಲಿ ಆ ಹೊಲಸು ಎಲ್ಲಿ ಹೋಗ್ಬೇಕು? ನೀರಲ್ಲೇ ಕರಗಿ ವಿಷ ಆಗುತ್ತೆ. ಅದಕ್ಕೆ ಬಣ್ಣ ಇರಲ್ಲ, ಕಣ್ಣಿಗೆ ಕಾಣಲ್ಲ."

"ಮೊದಲೂ ಇದೇ ದೊಣೆ ಅಲ್ವಾ? ಆಗ ಯಾಕೆ ಏನೂ ಆಗ್ತಿರ್ಲಿಲ್ಲ?"

"ಆಗ ಕೆಲಸದವರು ಇದ್ರು. ಕಲ್ಲಿನ ಮೇಲೆ ಜಾರೋ ಲೋಳೆ ಇತ್ತಲ್ಲ, ಪಾಚಿ ಇತ್ತಲ್ಲ, ಅದರೊಳಗೆ ಕಣ್ಣಿಗೆ ಕಾಣದ ಸಣ್ಣ ಜೀವಗಳ ಒಂದು ಊರೇ ಇತ್ತು. ಆ ವಿಷವೇ ಅವರಿಗೆ ಊಟ. ಹಗಲೂ ರಾತ್ರಿ ತಿಂದು ತಿಂದು ನೀರನ್ನ ಸರಿ ಮಾಡ್ತಿದ್ರು. ನೀನು ಊಟ ಜಾಸ್ತಿ ಹಾಕಿದೆ, ಅವರಿಗೆ ಕೆಲಸ ಮೀರಿತು, ನೀರು ಕೆಟ್ಟಿತು. ಆಮೇಲೆ ನೀನು ಕೆಲಸದವರನ್ನೇ ಉಜ್ಜಿ ಆಚೆ ಹಾಕಿದೆ."

ಮುಳ್ಳಕ್ಕ ತಲೆ ಮೇಲೆ ಕೈ ಹೊತ್ತಳು. "ಅಯ್ಯೋ ನನ್ನ ಬುದ್ಧಿಗಿಷ್ಟು! ಅವ್ವ ಇದನ್ನ ಯಾಕೆ ಹೇಳಲಿಲ್ಲ?"

"ನೀನು ಕೇಳಿದ್ಯಾ?" ಎಂದ ಬಸಣ್ಣ. "ನಾನೂ ಎರಡು ಸಲ ಹೇಳೋಕೆ ಹೊರಟೆ. ನೀನು ನಿಲ್ಲಲಿಲ್ಲ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ಹಾಗಾಯಿತು ಮುಳ್ಳಕ್ಕನ ಕಥೆ. ಆದರೂ ಒಂಬತ್ತು ಮೀನು ಇನ್ನೂ ಉಸಿರಾಡುತ್ತಿದ್ದವು.

"ಈಗೇನು ಮಾಡ್ಲಿ ಬಸಣ್ಣ?"

"ಇವತ್ತು ಎರಡು ಪಟ್ಟೆ ನೀರು ಬದಲಾಯಿಸು. ನಾಳೆ ನಾಡಿದ್ದೂ ಅಷ್ಟೇ. ಆಮೇಲೆ ಒಂದೊಂದೇ ಪಟ್ಟೆ. ಒರತೆ ನೀರಿನ ತಣುಪು ಕಳೆದ ಮೇಲೆ ಹುಯ್ಯಿ. ಮೂರು ದಿನ ಮೀನಿಗೆ ಊಟ ಬೇಡ."

"ಉಪವಾಸ ಹಾಕಲಾ? ಈ ಸ್ಥಿತಿಯಲ್ಲಿ?"

"ಮೂರು ದಿನಕ್ಕೆ ಮೀನು ಸಾಯಲ್ಲ. ತಿಂದಷ್ಟೂ ವಿಷ ಹೆಚ್ಚುತ್ತೆ. ಆ ಗುಡ್ಡೆಯಲ್ಲಿ ಮೇಲಿಂದು ಒಣಗಿ ಕೊಳೆತಿದೆ, ಅದನ್ನ ಮುಟ್ಟಬೇಡ. ಅಡಿಯಲ್ಲಿ ಸಣ್ಣ ಕಲ್ಲುಗಳಿವೆ, ನೆರಳಿಗೆ ಇನ್ನೂ ಹಸಿಯಾಗಿವೆ. ತೊಳೀದೆ ಹಾಗೇ ತಂದು ಬಿಡು. ಕೆಲಸದವರು ಅಲ್ಲೊಬ್ಬರು ಇಲ್ಲೊಬ್ಬರು ಬದುಕಿರ್ತಾರೆ. ಮತ್ತೆ ನನ್ನನ್ನೂ ಒಳಗೆ ಬಿಡು. ನನ್ನ ಬೆನ್ನ ಮೇಲೂ ನಾಲ್ಕು ಜನ ಇದ್ದಾರೆ."

ಮುಳ್ಳಕ್ಕ ಅವನನ್ನು ಎರಡೂ ಕೈಯಲ್ಲಿ ಎತ್ತಿ ನೀರಿಗೆ ಬಿಟ್ಟಳು. ಅವನ ಬೆನ್ನು ಉಜ್ಜಬೇಕು ಅಂತ ಈ ಸಲ ಅವಳಿಗೆ ಅನ್ನಿಸಲಿಲ್ಲ.

ಆಮೇಲಿನ ದಿನಗಳೇ ಕಷ್ಟದ ದಿನಗಳು. ಮಾಡುವುದಕ್ಕೆ ಹೆಚ್ಚು ಕೆಲಸ ಇರಲಿಲ್ಲ, ಕಾಯುವುದೇ ಕೆಲಸ. ಮುಳ್ಳಿನ ಪಟ್ಟೆ ನೋಡಿ ಮೊಗೆಯುವುದು, ನೋಡಿ ಹುಯ್ಯುವುದು, ಸುಮ್ಮನೆ ಕೂರುವುದು. ಮೀನುಗಳು ಹಸಿವಿನಿಂದ ಅವಳ ನೆರಳು ಕಂಡರೆ ಅಂಚಿಗೆ ಬರುತ್ತಿದ್ದವು. ಕೈಯಲ್ಲಿ ಗೆದ್ದಲು ಹಿಡಿದು, ಮತ್ತಿ ಮರದ ಬುಡದ ಮೂರು ಮುಳ್ಳು ನೋಡಿ, ಕೈ ಹಿಂದೆ ತೆಗೆಯುತ್ತಿದ್ದಳು.

ಒಂದು ದಿನ ಪೊದೆಯಿಂದ ನೀಲಪ್ಪ ಹೊರಗೆ ಬಂದ. ಗರಿಯೆಲ್ಲ ಕೆದರಿ ಕಡ್ಡಿಯಾಗಿದ್ದ. ಮುರಿದ ಕೊಕ್ಕಿನಲ್ಲಿ ಮಿಡತೆಯನ್ನೂ ಹಿಡಿಯಲಾಗುತ್ತಿರಲಿಲ್ಲ. ದೂರದಲ್ಲೇ ನಿಂತು ತಲೆ ತಗ್ಗಿಸಿದ. ಮುಳ್ಳಕ್ಕ ಒಂದು ಎಲೆಯ ಮೇಲೆ ಸ್ವಲ್ಪ ಗೆದ್ದಲು ಇಟ್ಟಳು. ಅವನು ಗಬಗಬ ನುಂಗಿ, "ಇನ್ನೊಂದು ಹಿಡಿ ಸಿಗುತ್ತಾ ಅಕ್ಕ?" ಎಂದ.

"ದಿನಕ್ಕೊಂದು ಹೊತ್ತು, ಅಳತೆ ಪ್ರಕಾರ. ಅತಿಯಾದ್ರೆ ಅಮೃತಾನೂ ವಿಷ. ನಿನ್ನ ದೆಸೆಯಿಂದ ಕಲಿತ ಪಾಠ ಇದು" ಎಂದಳು ಮುಳ್ಳಕ್ಕ. ಅವನು ತಲೆ ಎತ್ತಲಿಲ್ಲ.

ಹತ್ತು ದಿನವಾಯಿತು, ಹದಿನೈದಾಯಿತು. ಒಂದು ಬೆಳಗ್ಗೆ ಮುಳ್ಳಕ್ಕ ಬಗ್ಗಿ ನೋಡಿದಳು. ಬೋಳು ಬಂಡೆಯ ಮೇಲೆ ಎಳ್ಳುಕಾಳಿನಷ್ಟು ಹಸಿರು! ಅವಳು ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದಳು. ಎರಡು ಕಡೆ ಇತ್ತು, ಮೂರು ಕಡೆ ಇತ್ತು. ಹಿಂದೆ ಇದೇ ಹಸಿರು ಕಂಡರೆ ಮುಖ ಸಿಂಡರಿಸುತ್ತಿದ್ದವಳು ಈಗ ಕುಣಿದುಬಿಟ್ಟಳು. ಮುಳ್ಳು ಗಲಗಲ ಅಂದದ್ದು ಕೇಳಿ ಜಿಂಕೆ ಹೆದರಿ ಓಡಿತು.

ಇನ್ನೂ ಕೆಲವು ದಿನ ಕಳೆಯಿತು. ಕಿವಿರಿನ ಕೆಂಪು ಇಳಿಯಿತು. ಮೀನುಗಳು ಮೇಲಿಂದ ಕೆಳಕ್ಕೆ ಇಳಿದು, ಕಲ್ಲಿನ ಸಂದಿಯಲ್ಲಿ ಆಟ ಶುರು ಮಾಡಿದವು. ನೀರು ಮತ್ತೆ ತುಸು ಹಸಿರಾಗಿತ್ತು. ಜಿಂಕೆಗೆ ಮುಖ ಕಾಣುತ್ತಿರಲಿಲ್ಲ. ಕಾಣದಿದ್ದರೆ ಬಿಡಲಿ, ಅದಕ್ಕೆ ಮುಖ ನೋಡಿಕೊಳ್ಳಲು ಬೇರೆ ಜಾಗ ಇಲ್ಲವೇ?

ಕೊನೆಗೊಂದು ಮಧ್ಯಾಹ್ನ ಗುಡುಗಿತು. ಮೂರು ದಿನ ಬಿಡದೆ ಮಳೆ ಸುರಿಯಿತು. ಹಳ್ಳ ಕೆಂಪಗೆ ಉಕ್ಕಿ, ಆಮೇಲೆ ತಿಳಿಯಾಗಿ, ದೊಣೆಯ ಅಂಚಿಗೆ ಬಂತು. ಪದ್ಧತಿಯಂತೆ ಮುಳ್ಳಕ್ಕ ಅಂಚಿನಲ್ಲಿ ಕೂತು ಎಣಿಸಿದಳು. ಒಂದೊಂದೇ ಮೀನು ಅಂಚು ದಾಟಿ ಹಳ್ಳಕ್ಕೆ ಜಾರಿತು. ಆರು, ಏಳು, ಎಂಟು. ಮಿಣುಕಿ ಮಾತ್ರ ಉಳಿದಳು.

"ಒಂಬತ್ತು" ಎಂದಳು ಮುಳ್ಳಕ್ಕ. "ಹನ್ನೆರಡು ಅಂದಿದ್ದೆ ಕಣಮ್ಮ. ಮಾತು ಉಳಿಸ್ಕೊಳ್ಳಲಿಲ್ಲ. ತಪ್ಪು ನೀಲಪ್ಪಂದು ಮಾತ್ರ ಅಲ್ಲ. ಅವನು ಹೇಳಿದ, ಉಜ್ಜಿದ್ದು ನಾನು."

ಮಿಣುಕಿ ಅಂಚಿನ ಹತ್ತಿರ ಬಂದಳು. "ಆ ಮೂವರಲ್ಲಿ ಚಿಕ್ಕವನು ನನ್ನ ತಮ್ಮ ಅಕ್ಕ" ಎಂದಳು. "ನಂಗೆ ಇನ್ನೂ ನೋವಿದೆ. ಆದ್ರೆ ನೀನು ಆಮೇಲೆ ಹೇಗೆ ಕಾದೆ ಅನ್ನೋದನ್ನ ನಾನು ನೀರೊಳಗಿಂದ ನೋಡಿದ್ದೀನಿ. ಮುಂದಿನ ಬೇಸಿಗೆಗೆ ನನ್ನ ಮಕ್ಕಳನ್ನ ನಿನ್ನ ಮನೆಗೇ ಕಳಿಸ್ತೀನಿ. ಎಣಿಸ್ಕೊಂಡು ಇಟ್ಕೋ, ಎಣಿಸಿ ಕಳಿಸು."

ಹಾಗೆಂದು ಅವಳು ಅಂಚು ದಾಟಿ ಹೋದಳು. ಮುಳ್ಳಕ್ಕ ಮಳೆಯಲ್ಲೇ ಕೂತು ಅತ್ತಳು.

ನೀಲಪ್ಪನ ಕೊಕ್ಕು ಮಳೆಗಾಲ ಮುಗಿಯುವುದರೊಳಗೆ ಅಷ್ಟಿಷ್ಟು ಬೆಳೆಯಿತು. 'ಆ ದೊಣೆಯ ಮೀನಿಗೆ ಇನ್ನು ಕಣ್ಣು ಹಾಕಲ್ಲ' ಎಂದು ಹೇಳಿ, ಕಪ್ಪೆ ಏಡಿ ಹಿಡಿಯಲು ಹಳ್ಳದ ಕೆಳಗಿನ ತಿರುವಿಗೆ ಹೋದ. ಹೊಟ್ಟೆಪಾಡು ಯಾರಿಗೂ ತಪ್ಪಿದ್ದಲ್ಲವಲ್ಲ. ಆದರೆ ತಳ ಕಾಣುವಷ್ಟು ತಿಳಿಯಾದ ನೀರು ಕಂಡರೆ ಅವನು ಈಗಲೂ ಕೊಂಬೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾನಂತೆ.

ಮಳೆ ಬಿಟ್ಟ ಒಂದು ದಿನ ಜಿಂಕೆ ದೊಣೆಯ ಬಳಿ ಬಂತು. ಮುಳ್ಳಕ್ಕ ಬೇಲದ ಚಿಪ್ಪಿನಲ್ಲಿ ನೀರು ತಂದು, ಬಿರುಕಿನಲ್ಲಿ ನಿಂತ ಮುಳ್ಳಿನ ಪಟ್ಟೆ ನೋಡಿಕೊಂಡು, ನಿಧಾನಕ್ಕೆ ಹುಯ್ಯುತ್ತಿದ್ದಳು. ಕಲ್ಲಿನ ಮೇಲೆ ಬಸಣ್ಣ ಹೊರಟಿದ್ದ. ಸಂಜೆಗೆ ಪಕ್ಕದ ಕಲ್ಲು ಮುಟ್ಟುತ್ತಿದ್ದ.

"ಏನು ಮುಳ್ಳಕ್ಕ? ನೆಂಟರೆಲ್ಲ ಹೋಗಿ ಎಷ್ಟು ದಿನ ಆಯ್ತು. ಈಗಲಾದ್ರೂ ಆ ಪಾಚಿ ಉಜ್ಜಿ ಹಾಕಬಾರ್ದಾ? ಖಾಲಿ ದೊಣೆಗೆ ಯಾಕೆ ನೀರು ಹೊರ್ತೀಯ?" ಎಂದು ಜಿಂಕೆ ಕೇಳಿತು.

ಮುಳ್ಳಕ್ಕ ಮತ್ತಿ ಮರದ ಬುಡದ ಮೂರು ಮುಳ್ಳುಗಳನ್ನು ಒಮ್ಮೆ ನೋಡಿದಳು.

"ಖಾಲಿ ಅಂತ ಯಾರು ಹೇಳಿದ್ದು?" ಎಂದಳು. "ನೆಂಟರು ಹೋಗಿದ್ದಾರೆ, ಕೆಲಸದವರು ಇಲ್ಲೇ ಇದ್ದಾರಲ್ಲ. ಕೂತ್ಕೋ, ಯಾಕೆ ಅಂತ ಹೇಳ್ತೀನಿ. ಸ್ವಲ್ಪ ಹೊತ್ತಾಗುತ್ತೆ, ನಡುವೆ ಎದ್ದು ಹೋಗಬೇಡ."

ನೀತಿ: ತಿಳಿಯಾಗಿ ಕಂಡದ್ದೆಲ್ಲ ಶುದ್ಧವಲ್ಲ. ಒಂದು ಜೀವವನ್ನು ಸಾಕಲು ಪ್ರೀತಿಯೊಂದೇ ಸಾಲದು, ಅಳತೆಯೂ ತಾಳ್ಮೆಯೂ ಬೇಕು. ಹಳೆಯ ಕ್ರಮವನ್ನು ಬಿಡುವ ಮೊದಲು ಅದು ಯಾಕಿದೆ ಎಂದು ಕೇಳಿ ತಿಳಿಯಬೇಕು.